ಮೂಗು ಮುರಿಯುವವರು ಯಾರು?



ಒಂದು ವಚನವನ್ನು ಎತ್ತಿಕೊಂಡು ಅದರ ಭಾವಾರ್ಥವನ್ನು ಬಿಡಿಸಿ ಹೇಳುವುದು ಇಲ್ಲಿಯ ರೂಢಿ. ಈ ಸಲ ಅದನ್ನು ಬದಿಗಿರಿಸಿ, ನಮ್ಮ ನಡುವೆಯೇ ನಡೆದ ಒಂದು ಪ್ರಸಂಗವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ. ಇದರಿಂದ ಕೆಲವರ ಮನಸ್ಸಿಗೆ ನೋವಾದೀತು. ಆ ಕೆಲವರಲ್ಲಿ ನಾನೂ ಒಬ್ಬನಾದ್ದರಿಂದಲೇ ಬರೆಯುವ ಧೈರ್ಯ ಮಾಡಿದ್ದೇನೆ.

ಕಳೆದ ತಿಂಗಳು ಶಿವಾಜಿನಗರದಿಂದ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಹುಡುಗಿಗೆ 23 ವರ್ಷ. ಬಿ.ಕಾಂ. ಮುಗಿಸಿ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಎರಡು ವರ್ಷ ಕೂಡಿಟ್ಟ ಹಣದಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದೂ, ಸಾಲದ ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟುವುದೆಂದೂ ನಿಶ್ಚಯಿಸಿದ್ದಳು. "ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ ಸ್ವಾಮಿ, ನನ್ನ ಮಾತು ಕೇಳೋದಿಲ್ಲ" ಎಂದು ತಾಯಿ ಕಣ್ಣೊರೆಸಿಕೊಂಡರು.

ನನಗೆ ಬುದ್ಧಿಮಾತಿಗೇನು ಕೊರತೆ? ಕನ್ನಡ ಎಂ.ಎ. ಓದಿದವನು, ಸಂದರ್ಭಕ್ಕೆ ತಕ್ಕ ವಚನ ನಾಲಗೆಯ ತುದಿಯಲ್ಲೇ ಇರುತ್ತದೆ. ಶರಣರು ದೇಹವನ್ನೇ ದೇಗುಲವೆಂದು ಭಾವಿಸಿದವರು, ಲಿಂಗ ನೆಲಸಿರುವ ಕಾಯವನ್ನು ಕತ್ತರಿಗೊಡ್ಡುವುದು ತರವಲ್ಲ ಎಂದು ಹತ್ತು ನಿಮಿಷ ಉಪದೇಶಿಸಿದೆ. ಹುಡುಗಿ ತಾಳ್ಮೆಯಿಂದ ಕೇಳಿ, ಕಡೆಗೆ ಒಂದೇ ಮಾತು ಕೇಳಿದಳು: "ದೇಗುಲಕ್ಕೆ ಜೀರ್ಣೋದ್ಧಾರ ಮಾಡೋದಿಲ್ವಾ ಅಣ್ಣ? ನಮ್ಮ ಹಲಸೂರು ಸೋಮೇಶ್ವರನ ಗುಡಿಗೆ ಮಾಡಿಲ್ವಾ?"

ನಾನು ನಿರುತ್ತರನಾದೆ. ಸ್ಥಾವರವನ್ನು ಒಲ್ಲದವರ ಪರಂಪರೆಯಲ್ಲಿ ನಿಂತು ಗುಡಿಯ ಉಪಮೆಯನ್ನು ಅಷ್ಟು ಸಲೀಸಾಗಿ ಬಳಸಿದ್ದಕ್ಕೆ ತಕ್ಕ ಶಾಸ್ತಿಯೇ ಆಯಿತೆನ್ನಬೇಕು. ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಆಕೆ ಹೊರಡುವಾಗ ಹೇಳಿದ ಸಂಗತಿ. ಇದುವರೆಗೆ ಎರಡು ಕಡೆಯವರು ಆಕೆಯನ್ನು ನೋಡಿಕೊಂಡು ಹೋಗಿದ್ದಾರೆ. ಮೊದಲನೆಯವರು "ಹುಡುಗಿ ಒಳ್ಳೆಯವಳೇ, ಮೂಗು ಮಾತ್ರ ಸ್ವಲ್ಪ ದಪ್ಪ" ಎಂದು ಹೇಳಿ ಕಳುಹಿಸಿದರಂತೆ. ಎರಡನೆಯವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಕೈ ತೊಳೆಯುವಾಗಲೇ ಆಕೆಗೆ ಕೇಳಿಸುವಂತೆ ಆಡಿಕೊಂಡರಂತೆ. ಆ ಎರಡೂ ಸಂಬಂಧಗಳು ನಮ್ಮ ವಧು-ವರರ ಮಾಹಿತಿ ಪುಸ್ತಕದಿಂದಲೇ ಹೋದವು. ಆ ಪುಸ್ತಕವನ್ನು ಬರೆಯುವವನು ನಾನು.

ಮೂಗಿನ ಚಿಕಿತ್ಸೆ ಈ ನೆಲಕ್ಕೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ವಿಧಾನವಿದೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಅಚ್ಚಾದ ಒಂದು ಪತ್ರವಂತೂ ನಮ್ಮ ನಾಡಿನ ಚರಿತ್ರೆಗೇ ಸೇರಿದ್ದು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. (ಇದು ಟಿಪ್ಪುವಿನ ಕಾಲದ ಕ್ರೌರ್ಯ ಮಾತ್ರವೆಂದು ಯಾರೂ ಹಿಗ್ಗಬೇಕಾಗಿಲ್ಲ; ಅದಕ್ಕೂ ನೂರು ವರ್ಷ ಮೊದಲೇ ಮೈಸೂರು ಅರಸರ ಸೈನಿಕರು ಮೂಗು ಕೊಯ್ಯುವುದರಲ್ಲಿ ಕುಖ್ಯಾತರಾಗಿದ್ದರು.) ಒಂದು ವರ್ಷ ಮೂಗಿಲ್ಲದೆ ಬಾಳಿದ ಆತನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬನು ಹೊಸ ಮೂಗು ಕಟ್ಟಿಕೊಟ್ಟನು. ಮೇಣದಿಂದ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಉಳಿಸಿಕೊಂಡು, ಕೆಳಕ್ಕೆ ತಿರುಗಿಸಿ ಕೂರಿಸಿದನು. ಇಂಗ್ಲಿಷ್ ವೈದ್ಯರಿಬ್ಬರು ಕಣ್ಣಾರೆ ಕಂಡರು. ಆ ಪತ್ರದಿಂದ ಪ್ರೇರಿತನಾಗಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಪ್ರಯೋಗಿಸಿದನು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಒಂದು ಬೇರು ಅಲ್ಲಿದೆ. ಮಣ್ಣು ಹದಮಾಡುವ ಆ ಕೈಯನ್ನು ಕುಂಬಾರ ಗುಂಡಯ್ಯನವರ ಬಂಧುವೆಂದು ನಮಿಸಲು ನನಗೆ ಯಾವ ಅಡ್ಡಿಯೂ ಕಾಣದು. ಕಾಯಕವೆಂದರೆ ಅದೇ.

ಆದ್ದರಿಂದ ಮುಖದ ಮೇಲಿನ ಶಸ್ತ್ರಚಿಕಿತ್ಸೆಯೇ ಪಾಪವೆನ್ನುವವರ ಜೊತೆ ನಾನಿಲ್ಲ. ಸೀಳುತುಟಿಯ ಮಗುವಿಗೆ, ಬೆಂಕಿಗೆ ಸಿಕ್ಕವರಿಗೆ, ಆ್ಯಸಿಡ್ ದಾಳಿಗೆ ತುತ್ತಾದ ಸೋದರಿಯರಿಗೆ ಅದು ಮರುಜನ್ಮ. ಆ್ಯಸಿಡ್ ದಾಳಿಗೊಳಗಾದವರಿಗೆ ಖಾಸಗಿ ಆಸ್ಪತ್ರೆಗಳೂ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಆದೇಶಿಸಿದೆ. ಕೌಸ್‌ಜಿಯ ಮೂಗನ್ನು ಕತ್ತಿ ಕೊಯ್ದಿತ್ತು, ಮತ್ತೊಂದು ಕತ್ತಿ ಕಟ್ಟಿಕೊಟ್ಟಿತು. ಸರಿ. ನಮ್ಮ ಹುಡುಗಿಯ ಮೂಗನ್ನು ಕೊಯ್ದದ್ದು ಯಾವುದು? ಉಸಿರಾಟಕ್ಕೆ ತೊಂದರೆಯಿಲ್ಲ, ಮೂಗುತಿ ಒಪ್ಪುತ್ತದೆ, ಅಜ್ಜಿಯಿಂದ ಬಂದ ಮೂಗು. ಅದನ್ನು ಕೊಯ್ದದ್ದು ನಾಲಗೆ, ನಮ್ಮ ನಾಲಗೆ. ಕನ್ನಡದಲ್ಲಿ ತಿರಸ್ಕಾರಕ್ಕೆ ಮೂಗು ಮುರಿಯುವುದು ಎನ್ನುತ್ತೇವೆ. ನಾವು ಕುರ್ಚಿಯಲ್ಲಿ ಕುಳಿತು ಮೂಗು ಮುರಿದೆವು. ಆಕೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿ ನಿಜವಾಗಿಯೇ ಮುರಿಸಿಕೊಳ್ಳಲು ಹೊರಟಿದ್ದಾಳೆ. ಇದು ಅಲಂಕಾರದ ಮಾತಲ್ಲ. ಅಗಲವಾದ ಮೂಗನ್ನು ಕಿರಿದಾಗಿಸಬೇಕಾದರೆ ಅನೇಕ ವೇಳೆ ಮೂಗಿನ ಎಲುಬನ್ನು ಉಳಿಯಿಂದ ಸೀಳಿ ಒಳಕ್ಕೆ ಒತ್ತಬೇಕಾಗುತ್ತದೆ. ಎಲುಬಿಲ್ಲದ ನಾಲಗೆ ಹೀಗೆ ಎಲುಬು ಮುರಿಯುತ್ತದೆ.

ಮಾತು ಹೇಗಿರಬೇಕೆಂಬ ಬಸವಣ್ಣನವರ ವಚನ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಅದನ್ನು ಹಾಡಿಸಿ, ಚಪ್ಪಾಳೆ ತಟ್ಟಿ, ಪ್ರಸಾದ ಸ್ವೀಕರಿಸಿ, ಅದೇ ಸಂಜೆ ಹೆಣ್ಣು ನೋಡಲು ಹೋಗಿ ನಾವು ಆಡುವ ಮಾತುಗಳು ಇವು. ಅಕ್ಕಮಹಾದೇವಿಯವರ ಚೆಲುವಿಗೆ ಕೌಶಿಕನು ಮರುಳಾದದ್ದನ್ನು ಪ್ರವಚನದಲ್ಲಿ ಕೇಳುವಾಗ ನಾವೆಲ್ಲರೂ ಅಕ್ಕನ ಪಕ್ಷ. ಕನ್ಯೆಯನ್ನು ಆರಿಸುವಾಗ ಕೌಶಿಕನ ಪಕ್ಷ. ಇನ್ನು ಮದುವೆಯ ಜಾಹೀರಾತುಗಳನ್ನು ನೋಡಿ: ಸುಸಂಸ್ಕೃತ ಶರಣ ಕುಟುಂಬದ ವರನಿಗೆ ತಕ್ಕ 'ಗೌರವರ್ಣದ, ಲಕ್ಷಣವಾದ' ವಧು ಬೇಕಾಗಿದ್ದಾಳೆ. ಫೇರ್ ಅಂಡ್ ಲವ್ಲಿ ಎಂಬ ಮುಲಾಮು 1975ರಲ್ಲಿ ಮಾರುಕಟ್ಟೆಗೆ ಬಂದು, 45 ವರ್ಷ ಆ ಹೆಸರಿನಲ್ಲಿ ಮಾರಾಟವಾಗಿ, 2020ರಲ್ಲಿ ನಾಚಿಕೆಪಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ಮುಲಾಮಿನ ಕಂಪನಿಗೆ ಬಂದಷ್ಟು ನಾಚಿಕೆಯೂ ನಮಗೆ ಬರಲಿಲ್ಲ. ಗಂಡುಮಕ್ಕಳೇನೂ ಈ ಬಾಧೆಯಿಂದ ಪಾರಾಗಿಲ್ಲ; ಕೂದಲು ಉದುರಿದ ವರನಿಗೆ ಏನೇನು ಅನ್ನುತ್ತೇವೆಂಬುದನ್ನು ಅವರ ತಾಯಂದಿರೇ ಹೇಳಿಯಾರು.

"ಇದು ವಯಸ್ಕರ ಸ್ವಂತ ಆಯ್ಕೆ, ಮಠದವರಿಗೇಕೆ?" ಎಂದು ಓದಿದ ತರುಣರು ಕೇಳುವುದುಂಟು. 18 ತುಂಬಿದವರ ಒಪ್ಪಿಗೆ ಕಾನೂನಿಗೆ ಸಾಕು; ಅದನ್ನು ಕಿತ್ತುಕೊಳ್ಳುವ ಅಧಿಕಾರ ತಾಯಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. ಆದರೆ ಆಯ್ಕೆ ಎಂಬ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಎರಡು ಮನೆಯವರು ಬೇಡವೆಂದ ಮೇಲೆ ಹುಟ್ಟಿದ ಬಯಕೆಯನ್ನು ಸ್ವಂತದ್ದೆಂದು ಯಾವ ಬಾಯಿಂದ ಹೇಳುವುದು? ಇಷ್ಟು ಸಾಲದೆಂಬಂತೆ ಕೈಯಲ್ಲಿರುವ ಮೊಬೈಲು ಬೇರೆ ಸುಳ್ಳು ಸಾಕ್ಷಿ ನುಡಿಯುತ್ತದೆ. ಮುಖದಿಂದ 12 ಅಂಗುಲ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದು ಅಡಿ ದೂರದಲ್ಲಿ ನಿಂತು ಮಾತಾಡುವ ಮನುಷ್ಯನಿಗೆ ಕಾಣದ ಮೂಗಿಗಾಗಿ ಸಾಲ ಮಾಡುವ ಕಾಲ ಬಂದಿದೆ. ಇರದ ಕುಂದೊಂದು ಮುಖದಲ್ಲಿದೆಯೆಂದು ಹಗಲಿರುಳು ಕೊರಗುವ ಮನೋವ್ಯಾಧಿಯನ್ನು ಇಟಲಿಯ ಮೊರ್ಸೆಲ್ಲಿ ಎಂಬ ವೈದ್ಯನು 19ನೆಯ ಶತಮಾನದ ಕೊನೆಯಲ್ಲೇ ಗುರುತಿಸಿದ್ದನು. ಅದು ಹಿಡಿದವರಿಗೆ ಶಸ್ತ್ರಚಿಕಿತ್ಸೆಯಿಂದ ಸಮಾಧಾನ ಸಿಗುವುದು ಅಪರೂಪ. ಮೂಗು ಮುಗಿದರೆ ಗದ್ದ, ಗದ್ದ ಮುಗಿದರೆ ತುಟಿ.

2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆಯ ನಟಿ ಚೇತನಾ ರಾಜ್ ತೀರಿಕೊಂಡದ್ದು ತಮಗೆ ನೆನಪಿರಬಹುದು. 21 ವರ್ಷ. ಮಾಡಿಸಿಕೊಂಡದ್ದು ಮುಖದ ಚಿಕಿತ್ಸೆಯಲ್ಲ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ. ತಮಗೆ ತಿಳಿಸದೆಯೇ ನಡೆಯಿತೆಂದು ತಂದೆತಾಯಿ ಗೋಳಿಟ್ಟರು. ಅಂದು ನಮ್ಮ ಭಕ್ತರ ಮನೆಯೊಂದರ ಜಗಲಿಯಲ್ಲಿ ನಾನು ಕೇಳಿದ ಮಾತು: "ಇದ್ದ ರೂಪ ಸಾಲದೇ ಹೋಯಿತಾ ಆ ಹುಡುಗಿಗೆ?" ಸತ್ತ ಮಗುವಿನ ಮೇಲೂ ತೀರ್ಪು. ಇದ್ದ ರೂಪ ಸಾಲದೆಂದು ಆಕೆಯಂಥವರಿಗೆ ದಿನವೂ ಹೇಳುತ್ತಾ ಬಂದವರು ಯಾರೆಂದು ಆ ಜಗಲಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳದೆ ಕಾಫಿ ಕುಡಿದು ಎದ್ದು ಬಂದೆ.

ಇಷ್ಟಾದರೂ ಮಾಡಿಸಿಯೇ ತೀರುತ್ತೇನೆನ್ನುವ ತರುಣ ತರುಣಿಯರಿಗೆ ಕಿವಿಮಾತು ಹೇಳುವುದು ನನ್ನ ಕರ್ತವ್ಯ, ಶಾಪ ಹಾಕುವುದಲ್ಲ. ಮೊದಲು, ಏನನ್ನೂ ಮಾರಬೇಕಾಗಿಲ್ಲದ ವೈದ್ಯರನ್ನು ಕಾಣಿರಿ. ಮನೆಯ ಪಕ್ಕದಲ್ಲೇ ಬೌರಿಂಗ್ ಆಸ್ಪತ್ರೆಯಿದೆ, ಕಿವಿ-ಮೂಗು-ಗಂಟಲಿನ ವೈದ್ಯರಿದ್ದಾರೆ; ಮೂಗಿನ ನಡುಗೋಡೆ ಡೊಂಕಾಗಿ ಉಸಿರಿಗೆ ತೊಡಕಿದ್ದರೆ ಅದು ಬೇರೆಯೇ ವಿಷಯ, ಅಲ್ಲೇ ತಿಳಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡುವವರ ಪದವಿ ಯಾವುದೆಂದು ಸಂಕೋಚವಿಲ್ಲದೆ ಕೇಳಿರಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಲು ಎಂ.ಎಸ್. ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಬೇಕು; ಗೋಡೆಯ ಮೇಲೆ ತೂಗುಹಾಕಿದ ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರ ಅದಕ್ಕೆ ಸಮನಲ್ಲ. ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರಕ್ಕೆ ಹೋಗಿ ಬಂದು ಇಂಥ ಚಿಕಿತ್ಸೆಗೆ ಕೈಹಾಕುವುದು ಸಲ್ಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಗಿ ಬಂತೆಂದರೆ ಸ್ಥಿತಿ ಏನಿದೆಯೆಂದು ಊಹಿಸಿಕೊಳ್ಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಪ್ರತಿ ಕ್ಲಿನಿಕ್ಕಿಗೂ ನೋಂದಣಿ ಇರಲೇಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. ಅರಿವಳಿಕೆ ಕೊಡುವವರು ಯಾರು, ಉಸಿರು ಕೆಟ್ಟರೆ ತುರ್ತು ನಿಗಾ ಘಟಕ ಎಲ್ಲಿದೆ, ಇದನ್ನೂ ಕೇಳಿರಿ.

"ಕತ್ತರಿಯೇ ಇಲ್ಲ, ಬರೀ ಸೂಜಿ" ಎಂಬ ಮಾತಿಗೆ ಮರುಳಾಗಬೇಡಿ. ಬೊಟಾಕ್ಸಿನ ಪರಿಣಾಮ ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ, ಮತ್ತೆ ಹಣ ಕಟ್ಟಬೇಕು. ಮೂಗಿಗೆ ತುಂಬುವ ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯುತ್ತದೆ. ಅಪರೂಪಕ್ಕಾದರೂ ಕಣ್ಣೇ ಹೋದದ್ದುಂಟು. ಕೆನ್ನೆಯೊಳಗಿನ ಕೊಬ್ಬನ್ನು ತೆಗೆಸುವುದು ಈಗಿನ ಹೊಸ ಹುಚ್ಚು. 22ರಲ್ಲಿ ತೆಗೆಸಿದ ಕೊಬ್ಬು 45ರಲ್ಲಿ ಬೇಕೆಂದರೆ ಮರಳಿ ಬಾರದು, ವಯಸ್ಸಾದಂತೆ ಕೆನ್ನೆ ತಾನಾಗಿಯೇ ಬತ್ತುತ್ತದೆ. ಶಸ್ತ್ರಚಿಕಿತ್ಸೆಯಾದ ಮೂಗಿನ ಬಾವು ಪೂರ್ಣ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷವೇ ಹಿಡಿಯುತ್ತದೆ. ಕೆಲವರಿಗೆ ಎರಡನೆಯ ಸಲ ಕತ್ತರಿ ಬೀಳುತ್ತದೆ. ಮುಂದಿನ ಶ್ರಾವಣಕ್ಕೆ ಮದುವೆ ಮಾತು, ಅಷ್ಟರೊಳಗೆ ಮುಗಿಸಿಬಿಡೋಣ ಎನ್ನುವ ಲೆಕ್ಕವೇ ತಪ್ಪು. ಒಂದು ವರ್ಷ ಕಾದು ನೋಡಿರಿ ಎಂದು ಮಾತ್ರ ನಾನು ಆ ಹುಡುಗಿಯನ್ನು ಕೇಳಿಕೊಂಡೆ. ಕಾಯುತ್ತೇನೆಂದು ಆಕೆ ಹೇಳಲಿಲ್ಲ, ಕಾಯುವುದಿಲ್ಲವೆಂದೂ ಹೇಳಲಿಲ್ಲ.

ಈಗ ನನ್ನ ಪುಸ್ತಕದ ವಿಚಾರ. ವಧು-ವರರ ನಮೂನೆಯಲ್ಲಿ ಏಳನೆಯ ಕಾಲಮು 'ಮೈಬಣ್ಣ'. ಬಿಳಿ, ಗೋಧಿ, ಎಣ್ಣೆಗೆಂಪು, ಕಪ್ಪು ಎಂದು ನಾಲ್ಕು ಚೌಕಗಳಿವೆ. ಎಂಟನೆಯದು 'ಮುಖಲಕ್ಷಣ'. ಅದರೆದುರು ತಂದೆತಾಯಿಯರು ಹೇಳಿದ್ದನ್ನು ಬರೆಯುವವನು ನಾನೇ. 'ಸಾಧಾರಣ' ಎಂಬ ಶಬ್ದವನ್ನು ಇದೇ ಕೈಯಿಂದ ಎಷ್ಟು ಹೆಣ್ಣುಮಕ್ಕಳ ಹೆಸರಿನ ಮುಂದೆ ಬರೆದಿದ್ದೇನೋ ಎಣಿಸಿಲ್ಲ. ಶಿವಾಜಿನಗರದ ಆ ಹುಡುಗಿಯ ಹಾಳೆಯನ್ನು ತೆರೆದು ನೋಡಿದೆ. 'ಸಾಧಾರಣ' ಎಂದೇ ಇದೆ. ಅಕ್ಷರ ನನ್ನದೇ.

ಪೂಜ್ಯರ ಅಪ್ಪಣೆ ಪಡೆದು ಏಳು ಮತ್ತು ಎಂಟನೆಯ ಕಾಲಮುಗಳನ್ನು ತೆಗೆದು ಹೊಸ ನಮೂನೆಯನ್ನು ಅಚ್ಚಿಗೆ ಕೊಟ್ಟಿದ್ದೇನೆ. ಆ ಜಾಗದಲ್ಲಿ 'ಕಾಯಕ' ಎಂಬ ಕಾಲಮು ಸ್ವಲ್ಪ ಅಗಲವಾಗಿ ಬರುತ್ತದೆ. ಹಳೆಯ ಪುಸ್ತಕದ ಹಾಳೆಗಳಲ್ಲಿ ಆ ಎರಡು ಸಾಲುಗಳನ್ನು ಮಸಿಯಿಂದ ಮುಚ್ಚುವ ಕೆಲಸ ನಡೆದಿದೆ, ಇನ್ನೂ ಅರ್ಧ ಉಳಿದಿದೆ. ಸುದ್ದಿ ತಿಳಿದ ಇಬ್ಬರು ಹಿರಿಯರು ಈಗಾಗಲೇ ಫೋನು ಮಾಡಿ, "ಬಣ್ಣ ಗೊತ್ತಿಲ್ಲದೆ ಹೆಣ್ಣು ನೋಡೋದು ಹೇಗ್ರೀ?" ಎಂದು ಗದರಿಸಿದ್ದಾರೆ. ಆಕ್ಷೇಪಣೆ ಇರುವವರು ಲಿಖಿತವಾಗಿ ಕೊಡಬಹುದು. ಸಹಿಯ ಕೆಳಗೆ ತಮ್ಮ ಮೈಬಣ್ಣವನ್ನೂ ಮುಖಲಕ್ಷಣವನ್ನೂ ನಮೂದಿಸಬೇಕಾಗಿ ವಿನಂತಿ.