‘ಬೇಡ’ ಬೇರೆ, ‘ಆಗಲ್ಲ’ ಬೇರೆ

‘ನನಗೆ ಬದನೆಕಾಯಿ ಆಗಲ್ಲ’ ಎಂದರೆ ರುಚಿ ಹಿಡಿಸಲ್ಲ ಎಂದೂ ಆಗಬಹುದು, ತಿಂದರೆ ಮೈಯೆಲ್ಲ ತುರಿಸುತ್ತದೆ ಎಂದೂ ಆಗಬಹುದು. ದೊಡ್ಡವರ ನಡುವೆ ಈ ಮಾತು ಹೇಗೋ ನಡೆದುಹೋಗುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ಎರಡನ್ನೂ ಬಿಡಿಸಿ ನೋಡಲೇಬೇಕು. ಒಂದಕ್ಕೆ ಬೇಕಾದದ್ದು ತಾಳ್ಮೆ, ಇನ್ನೊಂದಕ್ಕೆ ಎಚ್ಚರ.

ಮೊದಲು ‘ಬೇಡ’. 2ರಿಂದ 6 ವರ್ಷದ ಮಕ್ಕಳು ಹೊಸ ತಿನಿಸಿಗೆ ಮುಖ ತಿರುಗಿಸುವುದು ಸಹಜ. ನಿಮ್ಮ ಸೊಪ್ಪಿನ ಹುಳಿ ಎರಡು ಸಲ ತಿರಸ್ಕೃತವಾದರೆ ಅದೇ ಕೊನೆಯ ತೀರ್ಪಲ್ಲ. 8–10 ಸಲ, ಕೆಲವೊಮ್ಮೆ 15 ಸಲ ರುಚಿ ನೋಡಿದ ಮೇಲೆ ಒಪ್ಪುವ ಮಕ್ಕಳಿದ್ದಾರೆ. ಒತ್ತಾಯ ಬೇಡ. ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇರಲಿ, ನೀವು ಖುಷಿಯಿಂದ ತಿನ್ನುವುದು ಕಾಣಲಿ.

ಅಲರ್ಜಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಶೇಂಗಾ, ಗೋಡಂಬಿ, ಎಳ್ಳು, ಹಾಲು ಅಥವಾ ಮೊಟ್ಟೆಯ ಪ್ರೋಟೀನನ್ನು ಶತ್ರುವೆಂದು ತಿಳಿದರೆ ಒಂದು ಚೂರೂ ಸಾಕು. ‘ಒಂದೇ ತುತ್ತು ಪುಟ್ಟಾ, ಏನೂ ಆಗಲ್ಲ’ ಎಂಬ ಅಜ್ಜಿಯ ಪ್ರೀತಿ ಇಲ್ಲಿ ಅಪಾಯ ತರಬಹುದು.

ಚಿಕ್ಕ ಮಕ್ಕಳಿಗೆ ‘ಅಲರ್ಜಿ’ ಎನ್ನಲು ಬರುವುದಿಲ್ಲ. ‘ಖಾರ’, ‘ನಾಲಿಗೆ ಚುಚ್ಚುತ್ತೆ’, ‘ಗಂಟಲಲ್ಲಿ ಏನೋ ಇದೆ’ ಎನ್ನುತ್ತಾರೆ. ಖಾರವೇ ಇಲ್ಲದ ಬರ್ಫಿಯನ್ನು ಮಗು ಖಾರ ಎಂದರೆ, ಹಟ ಎಂದು ತಳ್ಳಿಹಾಕದೆ ತುಟಿ, ಚರ್ಮ ನೋಡಿ, ವೈದ್ಯರಿಗೆ ತಿಳಿಸಿ. ಹಾಗೆಂದು ಪರೀಕ್ಷೆಯಿಲ್ಲದೆ ನೀವೇ ಒಂದೊಂದು ಆಹಾರವನ್ನೂ ನಿಲ್ಲಿಸಬೇಡಿ. 2015ರಲ್ಲಿ ಪ್ರಕಟವಾದ ಲಂಡನ್ನಿನ ‘ಲೀಪ್’ ಅಧ್ಯಯನದಲ್ಲಿ, ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳ ಪೈಕಿ ಮೊದಲ ವರ್ಷದಲ್ಲೇ ಶೇಂಗಾ ತಿನ್ನಲು ಆರಂಭಿಸಿದವರಲ್ಲಿ, 5ನೇ ವಯಸ್ಸಿಗೆ ಶೇಂಗಾ ಅಲರ್ಜಿ ಬಹಳ ಕಡಿಮೆ ಕಂಡುಬಂತು. ಆದರೆ ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇರುವ ಶಿಶುವಿಗೆ ವೈದ್ಯರನ್ನು ಕೇಳಿಯೇ ಕೊಡಿ. ಪುಟ್ಟ ಮಕ್ಕಳಿಗೆ ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಲರ್ಜಿ ಖಚಿತವಾಗಿದ್ದರೆ, ಎರಡು ಭಾಷೆಯ ಮಗುವಿಗೆ ಎರಡರಲ್ಲೂ ಮಾತು ಬೇಕು. ಶಾಲೆಯಲ್ಲಿ ‘ಪೀನಟ್’ ಎಂದು ಗೊತ್ತು. ಊರಿನಲ್ಲಿ ಅದೇ ಶೇಂಗಾ, ಕಡಲೆಕಾಯಿ, ಕಡಲೆಬೀಜ, ನೆಲಗಡಲೆ. ಹುರಿಗಡಲೆ ಬೇರೆ ಎಂಬುದೂ ತಿಳಿದಿರಲಿ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಪೊಟ್ಟಣದ ಮೇಲೆ ಎಳ್ಳನ್ನೂ ನಮೂದಿಸುವುದು ಕಡ್ಡಾಯ. ಆದರೆ ಕನ್ನಡ ಕೂಟದ ಪುಳಿಯೋಗರೆಗೆ, ಸಂಕ್ರಾಂತಿಯ ಎಳ್ಳು–ಬೆಲ್ಲಕ್ಕೆ ಲೇಬಲ್ ಇರುವುದಿಲ್ಲ. ಅಲ್ಲಿ ಮಗುವಿನ ಬಾಯಿಮಾತೇ ಲೇಬಲ್.

ಉಸಿರಾಟದ ತೊಂದರೆ, ಗಂಟಲು ಬಿಗಿತ, ಅಥವಾ ಮೈಮೇಲೆ ದದ್ದಿನ ಜೊತೆಗೆ ವಾಂತಿ ಕಂಡರೆ ಕಾಯಬೇಡಿ. ವೈದ್ಯರು ಕೊಟ್ಟಿರುವ ಎಪಿನೆಫ್ರಿನ್ ಪೆನ್ನನ್ನು ತೊಡೆಯ ಹೊರಭಾಗಕ್ಕೆ ಚುಚ್ಚಿ, ಕೂಡಲೇ ತುರ್ತು ಸೇವೆಗೆ ಕರೆಮಾಡಿ. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಊರಿಗೆ ಹೊರಟಾಗ ಪೆನ್ನುಗಳನ್ನು ಕೈಚೀಲದಲ್ಲೇ ಒಯ್ಯಿರಿ. ಕರ್ನಾಟಕದಲ್ಲಿ ಆಂಬ್ಯುಲೆನ್ಸಿಗೆ 108.

ಈ ವಾರ ಮಗುವಿನೊಂದಿಗೆ ಈ ನಾಲ್ಕು ಮಾತು ಆಟದಂತೆ ಅಭ್ಯಾಸ ಮಾಡಿ: ‘ನನಗೆ ಇಷ್ಟ ಇಲ್ಲ.’ ‘ನನಗೆ ಶೇಂಗಾ ಅಲರ್ಜಿ, ತಿನ್ನಬಾರದು.’ ‘ಬಾಯಿ ತುರಿಸುತ್ತಿದೆ.’ ‘ಉಸಿರಾಡಲು ಕಷ್ಟ.’ ಶೇಂಗಾ ಬದಲು ನಿಮ್ಮ ಮಗುವಿಗೆ ಆಗದ್ದನ್ನು ಸೇರಿಸಿಕೊಳ್ಳಿ. ಮುಂದಿನ ವಿಡಿಯೋ ಕರೆಯಲ್ಲಿ ಅಜ್ಜಿ–ತಾತನಿಗೂ ಅದನ್ನೇ ಹೇಳಿಸಿ. ನಾವು ಹತ್ತು ಸಲ ಹೇಳುವುದಕ್ಕಿಂತ ಮೊಮ್ಮಗುವಿನ ಮಾತು ಅವರಿಗೆ ಬೇಗ ನಾಟುತ್ತದೆ.