ಹೊಗೆ ತಡೆಯುವ ಸಾಧನ ಕಿತ್ತರೆ ಗಾಡಿಗೆ ಬಲ ಬಂದೀತೆ?

ಗಡಿಯಾಚೆಯ ನಮ್ಮ ಕನ್ನಡ ಹಳ್ಳಿಗಳಲ್ಲಿ ಈಗ ಎತ್ತಿನ ಗಾಡಿಗಿಂತ ಮೋಟಾರು ಗಾಡಿಗಳೇ ಹೆಚ್ಚು. ತಾಳವಾಡಿಯ ತರಕಾರಿ, ಕಾಸರಗೋಡಿನ ಅಡಿಕೆ, ಜತ್ತದ ದ್ರಾಕ್ಷಿ, ಅಕ್ಕಲಕೋಟೆಯ ತೊಗರಿ, ಯಾವುದೇ ಇರಲಿ, ಪೇಟೆ ಸೇರಲು ಜೀಪು, ಪಿಕಪ್ಪುಗಳೇ ಆಧಾರ. ಅವುಗಳಲ್ಲಿ ಅನೇಕವು ಹಳೆಯವಾಗಿ ಕೊಂಡವು. ಇಂಥ ಗಾಡಿ ಏರಿನಲ್ಲಿ ಎಳೆಯದೆ ಕರಿಹೊಗೆ ಉಗುಳತೊಡಗಿದಾಗ ಹಲವು ಗ್ಯಾರೇಜುಗಳಲ್ಲಿ ದೊರೆಯುವ ಸಲಹೆ ಹೀಗಿದೆ: “ಇ.ಜಿ.ಆರ್. ವಾಲ್ವಿಗೆ ತಗಡು ಹಾಕಿ ಮುಚ್ಚಿಬಿಡಿ. ಸೈಲೆನ್ಸರಿನ ಮುಂದಿನ ಡಬ್ಬಿ ತೆಗೆದುಬಿಡಿ. ಗಾಡಿ ಕುದುರೆಯ ಹಾಗೆ ಓಡುತ್ತದೆ.” ಈ ಸಲಹೆಯನ್ನು ನಮ್ಮ ರೈತರು ಒಪ್ಪಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೊದಲು ಈ ಸಾಧನಗಳು ಏನೆಂಬುದನ್ನು ತಿಳಿಯೋಣ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78 ಪಾಲು ಸಾರಜನಕವಿದೆ. ಇಂಜಿನಿನೊಳಗಿನ ಉರಿ ಬಹಳ ಬಿಸಿಯಾದಾಗ ಈ ಸಾರಜನಕ ಆಮ್ಲಜನಕದೊಡನೆ ಕೂಡಿ ವಿಷಾನಿಲವಾಗುತ್ತದೆ. ಇ.ಜಿ.ಆರ್. ವಾಲ್ವು ಹೊರಹೋಗುವ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಕಳುಹಿಸಿ ಉರಿಯ ಬಿಸಿಯನ್ನು ತಗ್ಗಿಸುತ್ತದೆ. ಆಗ ಈ ಅನಿಲ ಕಡಿಮೆ ಹುಟ್ಟುತ್ತದೆ. ಭಾರತ್ ಸ್ಟೇಜ್ 3 ನಿಯಮ 2010ರಲ್ಲಿಯೂ, ಸ್ಟೇಜ್ 4 ನಿಯಮ 2017ರ ಏಪ್ರಿಲ್‌ನಲ್ಲಿಯೂ ದೇಶದ ಎಲ್ಲೆಡೆ ಜಾರಿಗೆ ಬಂದವು. ಆ ಕಾಲದ ಡೀಸೆಲ್ ಗಾಡಿಗಳಲ್ಲಿ ಈ ವಾಲ್ವು ಸಾಮಾನ್ಯ. ಅದಕ್ಕೂ ಬಹಳ ಹಿಂದಿನ ಜೀಪುಗಳಲ್ಲಿ ಇದು ಇಲ್ಲವೇ ಇಲ್ಲ. ಅಲ್ಲಿ ಕೀಳಲು ಏನೂ ಇರುವುದಿಲ್ಲ.

ಹಾಗಾದರೆ ತಗಡು ಹಾಕಿದ ಮೇಲೆ ಗಾಡಿ ನಿಜಕ್ಕೂ ಚುರುಕಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ; ಆದರೆ ಕಾರಣ ಬೇರೆ. ದಿಂಬಂ ಘಾಟಿಯ 27 ತಿರುವುಗಳನ್ನು ಭಾರ ಹೊತ್ತು ಏರುವಾಗ, ಅಂದರೆ ಇಂಜಿನು ತನ್ನ ಪೂರ್ತಿ ಶಕ್ತಿ ಹಾಕುವಾಗ, ಸರಿಯಾಗಿರುವ ಇ.ಜಿ.ಆರ್. ವಾಲ್ವು ಬಹುಮಟ್ಟಿಗೆ ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಅದು ಎಳೆತಕ್ಕೆ ಅಡ್ಡಿಯಲ್ಲ. ಮಸಿ ಕಟ್ಟಿ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಾಗ ಮಾತ್ರ ಹೊಗೆ ಒಳನುಗ್ಗಿ ಇಂಜಿನಿಗೆ ಗಾಳಿ ಸಾಲದಾಗುತ್ತದೆ. ತಗಡು ಹಾಕಿದರೆ ಆ ತೊಂದರೆ ನಿಲ್ಲುವುದು ನಿಜ. ಆದರೆ ವಾಲ್ವನ್ನು ಬಿಚ್ಚಿ ಮಸಿ ತೊಳೆದು ಕೂಡಿಸಿದರೂ ಅದೇ ಫಲ ಸಿಗುತ್ತದೆ. ಬಾವಿಯ ಪಂಪಿನ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದರೆ ಕಸ ತೆಗೆಯುತ್ತೇವೆಯೇ ಹೊರತು ವಾಲ್ವನ್ನೇ ಕಿತ್ತೆಸೆಯುವುದಿಲ್ಲ.

ಇನ್ನೊಂದು ಮಾತು. ಮಸಿ ಕಟ್ಟುವುದಕ್ಕೆ ಮೂಲ ಕಾರಣ ಸಾಮಾನ್ಯವಾಗಿ ಬೇರೆಡೆ ಇರುತ್ತದೆ. ಧೂಳಿನ ಹಾದಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರು ಬೇಗ ತುಂಬುತ್ತದೆ. ಇಂಜೆಕ್ಟರು ಸವೆದರೆ ಡೀಸೆಲ್ ಮಂಜಿನಂತೆ ಚಿಮ್ಮದೆ ತೊಟ್ಟಿಕ್ಕುತ್ತದೆ. ಟರ್ಬೊ ಪೈಪು ಸೀಳಿದ್ದರೆ ಗಾಳಿ ಸೋರುತ್ತದೆ. ಈ ಮೂರನ್ನೂ ನೋಡದೆ ವಾಲ್ವನ್ನು ಮುಚ್ಚಿದರೆ ರೋಗ ಒಳಗೇ ಉಳಿಯಿತೆಂದೇ ಅರ್ಥ. ಕರಿಹೊಗೆ ಎಂದರೆ ಪೂರ್ತಿ ಉರಿಯದ ಡೀಸೆಲ್. ನಾವು ದುಡ್ಡು ಕೊಟ್ಟು ತುಂಬಿಸಿದ್ದೇ ಹೊಗೆಯಾಗಿ ಹೋಗುತ್ತಿದೆ. ಆದುದರಿಂದ ಗ್ಯಾರೇಜಿಗೆ ಹೋದಾಗ ಮೊದಲು ಫಿಲ್ಟರು, ಆಮೇಲೆ ಪೈಪು, ಇಂಜೆಕ್ಟರು, ಕೊನೆಗೆ ವಾಲ್ವಿನ ಶುದ್ಧಿ, ಈ ಕ್ರಮದಲ್ಲಿ ನೋಡಿಸತಕ್ಕದ್ದು.

ಇನ್ನು ಸೈಲೆನ್ಸರಿನ ಮುಂದಿನ ಡಬ್ಬಿ. ಇದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರು. ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಸೀಸ ಬೆರೆತ ಪೆಟ್ರೋಲ್ ಇದನ್ನು ಕೆಡಿಸುತ್ತದೆ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದಿತು. ಪೆಟ್ರೋಲ್ ಕಾರಿನ ಈ ಡಬ್ಬಿಯೊಳಗೆ ಜೇನುಗೂಡಿನಂಥ ಒಂದು ಗಟ್ಟಿ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವನ್ನು ಇದು ಬಹುಪಾಲು ಕಳೆಯುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟು ಮೀರಿ ಅಂಟಿಕೊಳ್ಳುತ್ತದೆ. ಡಬ್ಬಿ ಕತ್ತರಿಸಿ ಒರಟಾಗಿ ಬೆಸುಗೆ ಹಾಕಿದ ಪೈಪು ಸೋರಿದರೆ, ಕಿಟಕಿ ಮುಚ್ಚಿ ಮಲಗಿದ ಮಕ್ಕಳೇ ಆ ಅನಿಲವನ್ನು ಉಸಿರಾಡುವವರು. ಬಿಚ್ಚಿದ ಡಬ್ಬಿಯನ್ನು “ಇದು ಗುಜರಿ, ಇಲ್ಲೇ ಬಿಟ್ಟುಹೋಗಿ” ಎನ್ನುವವರಿದ್ದರೆ, ಆ ಲೋಹಗಳಿಗಾಗಿಯೇ ಅದನ್ನು ಕೊಳ್ಳುವವರಿದ್ದಾರೆಂಬುದನ್ನು ನೆನಪಿಡಬೇಕು. ಡಬ್ಬಿ ಕರಗಿ ಕಟ್ಟಿಕೊಂಡಿದ್ದರೆ ಬದಲಿಸಲೇಬೇಕು. ಆದರೆ ಪ್ಲಗ್ಗು ಸರಿಯಾಗಿ ಕಿಡಿ ಕೊಡದೆ ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

“ವಾಲ್ವು ಮುಚ್ಚಿಯೂ ನಮಗೆ ಹೊಗೆ ತಪಾಸಣೆಯ ಸರ್ಟಿಫಿಕೇಟು ಸಿಕ್ಕಿದೆ, ಇನ್ನೇನು ದೋಷ?” ಎಂಬ ವಾದವೂ ಇದೆ. ಡೀಸೆಲ್ ಗಾಡಿಯ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ. ವಾಲ್ವು ತಡೆಯುವ ಸಾರಜನಕದ ಅನಿಲಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ಚೀಟಿ ಸಿಕ್ಕಿತೆಂದರೆ ವಿಷ ಇಲ್ಲವೆಂದಲ್ಲ. ಆ ಅನಿಲಗಳು ಬಿಸಿಲಿನಲ್ಲಿ, ಪೆಟ್ರೋಲ್ ಮೊದಲಾದವುಗಳ ಆವಿಯೊಡನೆ ಬೆರೆತು, ನೆಲಮಟ್ಟದಲ್ಲಿ ಓಜೋನ್ ಆಗುತ್ತವೆ. ಗಾಳಿ ಅದನ್ನು ಹೊಲಗಳವರೆಗೂ ಒಯ್ಯುತ್ತದೆ. ಎಲೆಯ ರಂಧ್ರಗಳಿಂದ ಒಳಹೊಕ್ಕ ಓಜೋನ್ ಗೋದಿ, ಸೋಯಾ, ಶೇಂಗಾ, ಹತ್ತಿ, ಹುರುಳಿಕಾಯಿ ಮೊದಲಾದ ಬೆಳೆಗಳ ಇಳುವರಿ ತಗ್ಗಿಸುತ್ತದೆಂಬುದು ಕೃಷಿ ವಿಜ್ಞಾನಕ್ಕೆ ತಿಳಿದ ಸಂಗತಿ. ಒಂದು ಪಿಕಪ್ಪಿನಿಂದ ಬೆಳೆ ಹಾಳಾಗದು. ಆದರೆ ಎಲ್ಲರೂ “ನನ್ನದೊಂದರಿಂದ ಏನಾದೀತು” ಎಂದರೆ ನಷ್ಟ ಹೊರುವವರೂ ನಾವೇ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿಯೇ ಸಾರಿದೆ.

ಕಾನೂನಿನ ಮಾತೂ ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸಿದೆ. 2019ರ ತಿದ್ದುಪಡಿಯಂತೆ ಇಂಥ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ದಂಡ ಮಾಲೀಕನ ಹೆಸರಿಗೆ ಬರುತ್ತದೆಂಬುದನ್ನು ಮರೆಯಬಾರದು. ಕಾಯ್ದೆ ಇಡೀ ದೇಶಕ್ಕೆ ಒಂದೇ; ಪೇಟೆಗಾಗಿ ಗಡಿ ದಾಟಿದರೂ ಅದು ಬೆನ್ನಿಗೇ ಇರುತ್ತದೆ.

ಇಷ್ಟು ಹೇಳಿ ರೈತನ ಮೇಲೆ ಮಾತ್ರ ತಪ್ಪು ಹೊರಿಸುವುದು ನ್ಯಾಯವಲ್ಲ. ಕಂಪನಿಯ ಬಿಡಿಭಾಗ ದುಬಾರಿ. ಅಧಿಕೃತ ಗ್ಯಾರೇಜು ದೂರದ ಪಟ್ಟಣದಲ್ಲಿ. ಗಾಡಿ ಒಂದು ದಿನ ನಿಂತರೆ ಟೊಮೇಟೊ ಕೊಳೆಯುತ್ತದೆ. ಗಾಡಿಯೊಡನೆ ಬರುವ ಕೈಪಿಡಿ ಕನ್ನಡದಲ್ಲಿರುವುದು ನಮ್ಮ ಕಡೆ ಅಪರೂಪ. ಓದಿ ತಿಳಿಯಲಾಗದವನು ಮೇಸ್ತ್ರಿ ಹೇಳಿದ್ದನ್ನು ನಂಬದೆ ಏನು ಮಾಡಿಯಾನು? ಊರ ಮೇಸ್ತ್ರಿಗೂ ಶುದ್ಧಿಯ ಕ್ರಮವನ್ನು ಯಾರೂ ಕಲಿಸಿಕೊಟ್ಟಿಲ್ಲ. ತಗಡು ಹಾಕುವುದು ಸುಲಭ, ಅದನ್ನೇ ಮಾಡುತ್ತಾನೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಗಾಡಿ ಮಾರುವ ಕಂಪನಿಗಳು ಗಡಿನಾಡಿನ ಗಿರಾಕಿಗಳಿಗೆ ಕನ್ನಡದಲ್ಲಿ ಕೈಪಿಡಿ ಕೊಡಲಿ. ಸಹಕಾರಿ ಸಂಘಗಳೂ ಕನ್ನಡ ಸಂಘಗಳೂ ಕೂಡಿ, ಹತ್ತಿರದ ಐ.ಟಿ.ಐ. ಶಿಕ್ಷಕರನ್ನು ಕರೆಸಿ, ಸುಗ್ಗಿಗೆ ಮೊದಲು ಊರ ಮೇಸ್ತ್ರಿಗಳಿಗೆ ಒಂದು ದಿನದ ಶಿಬಿರ ನಡೆಸಲಿ. ವಾಲ್ವು ಬಿಚ್ಚಿ ತೊಳೆಯುವುದನ್ನು ಕಣ್ಣೆದುರಿಗೆ ತೋರಿಸಿದರೆ ಸಾಕು, ನಮ್ಮ ಮೇಸ್ತ್ರಿಗಳು ಕಲಿಯಲಾರದವರಲ್ಲ. ಅಲ್ಲಿಯವರೆಗೆ ರೈತ ಬಾಂಧವರು ಗ್ಯಾರೇಜಿನಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲಿ: “ಮುಚ್ಚಬೇಡಪ್ಪ, ಬಿಚ್ಚಿ ತೊಳೆದುಕೊಡು.”