ದಾನ ಮತ್ತು ಪಾಲನೆ: ಬಡವರ ಆರೋಗ್ಯರಕ್ಷಣೆಯನ್ನು ಕುರಿತು

ವಿಶಾಖಪಟ್ಟಣದ ಸಮೀಪದ ಸಿಂಹಾಚಲಂ ದೇವಾಲಯದಲ್ಲಿ ವಿಜಯನಗರದ ಕೃಷ್ಣದೇವರಾಯನ ಶಾಸನಗಳಿವೆ. ಕಳಿಂಗ ದಂಡಯಾತ್ರೆಯ ಸಂದರ್ಭದಲ್ಲಿ, 1516ರಲ್ಲಿ, ಆತನು ವರಾಹ ನರಸಿಂಹನಿಗೆ ಒಡವೆಗಳನ್ನು ಅರ್ಪಿಸಿದ ಸಂಗತಿ ಅಲ್ಲಿ ದಾಖಲಾಗಿದೆ. ದಾನಶಾಸನಗಳ ಸಾಮಾನ್ಯ ರಚನೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ: ದಾನಿಯ ಪ್ರಶಸ್ತಿ, ದಾನದ ವಿವರ, ಕೊನೆಯಲ್ಲಿ ಶಾಪಾಶಯ. ಈ ಶಾಪಾಶಯವನ್ನು ನಾವು ಒಂದು ರೂಢಿಯ ಮಾತೆಂದು ಓದಿ ಮುಂದೆ ಸಾಗುತ್ತೇವೆ. ವಾಸ್ತವವಾಗಿ ಅದರ ಹಿಂದೆ ಒಂದು ರಾಜನೀತಿಯ ಅರಿವಿದೆ. ಕೊಡುವುದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದು ಹಿರಿದೆಂಬುದೇ ಆ ಅರಿವು. ಇಂದಿನ ಸರ್ಕಾರಗಳು ಬಡವರಿಗೆ ನೀಡುವ ಆರೋಗ್ಯರಕ್ಷಣೆಯನ್ನು ಈ ಅಳತೆಗೋಲಿನಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಆಂಧ್ರಪ್ರದೇಶದಲ್ಲಿ 2007ರ ಏಪ್ರಿಲ್‌ನಲ್ಲಿ ರಾಜೀವ್ ಆರೋಗ್ಯಶ್ರೀ ಯೋಜನೆ ಮೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ಶ್ರೀಕಾಕುಳಂ ಈ ಕರಾವಳಿಗೆ ಸೇರಿದ್ದು. ಅನಂತಪುರ ನಮ್ಮ ಗಡಿನಾಡಿನದು. ಬಿಳಿ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಹೃದಯದ ಶಸ್ತ್ರಚಿಕಿತ್ಸೆಯಂತಹ ದುಬಾರಿ ಚಿಕಿತ್ಸೆಯೂ ಹಣವಿಲ್ಲದೆ ದೊರೆಯುವಂತಾದುದು ಸಾಮಾನ್ಯ ಸಾಧನೆಯಲ್ಲ. ಆದರೆ ರಾಜ್ಯವಿಭಜನೆಯ ಬಳಿಕ ಅದೇ ಯೋಜನೆ ಎನ್.ಟಿ.ಆರ್. ವೈದ್ಯಸೇವೆಯಾಯಿತು, 2019ರಲ್ಲಿ ವೈ.ಎಸ್.ಆರ್. ಆರೋಗ್ಯಶ್ರೀಯಾಯಿತು, 2024ರಲ್ಲಿ ಮರಳಿ ಎನ್.ಟಿ.ಆರ್. ಹೆಸರನ್ನು ಪಡೆಯಿತು. ಪ್ರತಿ ಸರ್ಕಾರವೂ ಪ್ರಶಸ್ತಿಯನ್ನು ಹೊಸದಾಗಿ ಬರೆಸಿತು. ಪಾಲನೆಯ ಮಾತೇನು? ಬಾಕಿ ಹಣ ಬಾರದ ಕಾರಣಕ್ಕೆ 2024ರಲ್ಲಿಯೂ 2025ರಲ್ಲಿಯೂ ಖಾಸಗಿ ಆಸ್ಪತ್ರೆಗಳು ಈ ಸೇವೆಯನ್ನು ನಿಲ್ಲಿಸಿದ್ದುಂಟು. ಚೀಟಿ ಹಿಡಿದು ಬಂದ ರೋಗಿಗೆ ಯೋಜನೆಯ ಹೆಸರು ಯಾವುದಾದರೇನು?

ಕರ್ನಾಟಕದ ಅನುಭವವೂ ಇದಕ್ಕೆ ಹೊರತಲ್ಲ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ಮೊದಲಿಗೆ ವರ್ಷಕ್ಕೆ 60 ರೂಪಾಯಿ ತಾವೇ ತೆರುತ್ತಿದ್ದರು. ಇಲ್ಲಿ ಫಲಾನುಭವಿಯು ಬರಿಯ ಪ್ರತಿಗ್ರಾಹಿಯಾಗಿರದೆ ಪಾಲುದಾರನೂ ಆಗಿದ್ದನು. ಅಂತಹ ಯೋಜನೆಯೂ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, 2022ರಲ್ಲಿ ಮತ್ತೆ ಜೀವ ಪಡೆಯಬೇಕಾಯಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೂಲಿಯ ಕುಟುಂಬವನ್ನು ಸಾಲಕ್ಕೆ ದೂಡುವುದು ಶಸ್ತ್ರಚಿಕಿತ್ಸೆಯೊಂದೇ ಅಲ್ಲ. ದಿನನಿತ್ಯದ ಸಕ್ಕರೆ ಕಾಯಿಲೆಯ ಮಾತ್ರೆ, ಆಸ್ಪತ್ರೆಯ ದಾರಿಯ ಬಸ್ಸಿನ ಖರ್ಚು, ತಪ್ಪಿಹೋದ ಕೂಲಿ ಇವೂ ಸೇರಿ ಆ ಕುಟುಂಬವನ್ನು ಕುಗ್ಗಿಸುತ್ತವೆ. ಚಿಕಿತ್ಸೆಯ ನಂತರದ ವಿಶ್ರಾಂತಿಯ ಅವಧಿಗೆ ದಿನಕ್ಕೆ 225 ರೂಪಾಯಿ ನೀಡುವ ಏರ್ಪಾಡನ್ನು ಆಂಧ್ರ ಸರ್ಕಾರ 2019ರಲ್ಲಿ ಮಾಡಿದ್ದು ಈ ಸತ್ಯವನ್ನು ಗುರುತಿಸಿದ ವಿವೇಕದ ಹೆಜ್ಜೆ. ಆದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೂ ಔಷಧವೂ ಇಲ್ಲದಿದ್ದರೆ, ದೊಡ್ಡಾಸ್ಪತ್ರೆಯ ಚೀಟಿ ರೋಗ ಬಲಿತ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ.

ರಾಜ್ಯದ ಬೊಕ್ಕಸಕ್ಕೆ ಮಿತಿಯುಂಟು, ಸರ್ಕಾರ ಕೊಟ್ಟಷ್ಟಕ್ಕೆ ತೃಪ್ತರಾಗಬೇಕು ಎಂದು ವಾದಿಸುವವರಿದ್ದಾರೆ. ಮಿತಿಯುಂಟೆಂಬುದು ನಿಜ. ಆದರೆ ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣದ ಕೊರತೆ ಅದಕ್ಕೆ ನೆಪವಾಗದೆಂದೂ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಪಶ್ಚಿಮ ಬಂಗಾಳದ ಕೃಷಿಕಾರ್ಮಿಕ ಸಂಘಟನೆಯೊಂದರ ಮೊಕದ್ದಮೆಯಲ್ಲಿ ಹೇಳಿದೆ. ಖಾಸಗಿ ವೈದ್ಯರ ಪ್ರತಿಭಟನೆಯ ನಡುವೆಯೂ ರಾಜಸ್ಥಾನದ ವಿಧಾನಸಭೆ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿತು. ಭಾರತದ ರಾಜ್ಯಗಳಲ್ಲಿ ಅದೇ ಮೊದಲು.

ಹಿಂದಿನವರಿಗೆ ಮುಂದಿನ ಅರಸನನ್ನು ಕಟ್ಟಿಹಾಕಲು ಪಾಪಭೀತಿಯ ಹೊರತು ಬೇರೆ ಸಾಧನವಿರಲಿಲ್ಲ. ನಮಗೆ ಕಾಯ್ದೆಯಿದೆ, ಆಯವ್ಯಯವಿದೆ, ನ್ಯಾಯಾಲಯವಿದೆ. ಆದುದರಿಂದ ಆರೋಗ್ಯರಕ್ಷಣೆ ಕಾಯ್ದೆಯ ಬಲದಿಂದ ನಿಲ್ಲಬೇಕು. ಅದಕ್ಕೆ ಮೀಸಲಾದ ಹಣ ಕಾಲಕಾಲಕ್ಕೆ ಸಲ್ಲಬೇಕು. ಅದಕ್ಕೆ ಯಾವ ನಾಯಕನ ಹೆಸರೂ ಬೇಡ. ದಾನಿಯ ಹೆಸರು ಅಳಿಸಿದರೂ ದತ್ತಿ ಉಳಿಯುವಂತಾದಾಗಲೇ ಬಡವನು ಯಾರ ಮುಂದೆಯೂ ಕೈಯೊಡ್ಡದೆ ಆಸ್ಪತ್ರೆಯ ಬಾಗಿಲನ್ನು ದಾಟಬಲ್ಲನು.